ಅಂಗ್ಕೋರ್‌ನಲ್ಲಿ ಒಂದೇ ದಿನ: ಟೂರ್ ಬಸ್ಸೋ, ಟುಕ್‌ಟುಕ್ಕೋ?

ಗದಗಿನಿಂದ ಹನ್ನೆರಡು ಜನ ಕಾಂಬೋಡಿಯಾಕ್ಕೆ ಹೊರಟಿದ್ದೀರಿ. ಅಲ್ಲಿನ ಹಳೆಯ ದೇವಾಲಯಗಳ ತಾಣ ಅಂಗ್ಕೋರ್ ನೋಡಲು ಗೈಡ್ ಇರುವ ಬಸ್ ಸರಿಯಾ, ನಾಲ್ಕು ನಾಲ್ಕು ಜನ ನಮ್ಮ ಆಟೋದಂಥ ಟುಕ್‌ಟುಕ್ ಹಿಡಿಯುವುದು ಸರಿಯಾ ಅಂತ ಕೇಳಿದ್ದೀರಿ.

ಒಂದು ದಿನದ ಪ್ರವೇಶ ಪಾಸ್ ತಲೆಗೆ 37 ಡಾಲರ್. ಯಾವುದರಲ್ಲಿ ಹೋದರೂ ಅದು ಬೇಕೇ ಬೇಕು. ಟೂರ್ ದರದಲ್ಲಿ ಪಾಸ್ ಸೇರಿದೆಯಾ ಅಂತ ಮೊದಲೇ ಕೇಳಿ. ಟುಕ್‌ಟುಕ್ ಬಾಡಿಗೆಯನ್ನು ನಾಲ್ವರು ಹಂಚಿಕೊಂಡರೆ ಹಗುರ, ಆದರೆ ಗೈಡ್‌ಗೆ ಬೇರೆ ದುಡ್ಡು.

ನನಗೆ ದುಡ್ಡಿಗಿಂತ ಹೊತ್ತು ಮುಖ್ಯ. ಅಲ್ಲಿನ ಅಂಗ್ಕೋರ್ ವಾಟ್ 12ನೇ ಶತಮಾನದಲ್ಲಿ ವಿಷ್ಣುವಿಗೆಂದು ಕಟ್ಟಿದ ದೇವಾಲಯ. ಅದರ ಗೋಡೆಗಳ ಮೇಲೆ ಕುರುಕ್ಷೇತ್ರ, ಲಂಕೆಯ ಯುದ್ಧ, ಸಮುದ್ರ ಮಥನ ಎಲ್ಲಾ ಉದ್ದಕ್ಕೂ ಕೆತ್ತಿದ್ದಾರೆ. ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಬಾಗಿಲ ಮುಂದೆ ಗಂಟೆಗಟ್ಟಲೆ ನಿಂತವರಿಗೆ ಇಲ್ಲಿಂದ ಕಾಲು ಕೀಳುವುದು ಕಷ್ಟ. ಬಸ್ಸಿನವರು ಅಷ್ಟು ಹೊತ್ತು ಕಾಯುವುದಿಲ್ಲ. ಟುಕ್‌ಟುಕ್ ಆದರೆ ನಿಮ್ಮಿಷ್ಟ. ಈ ಕಥೆಗಳು ನಮಗೆ ಗೊತ್ತಿರುವಂಥವೇ ಅಲ್ವಾ, ಗೈಡ್ ಇಲ್ಲದೆಯೂ ನಡೆಯುತ್ತದೆ. ಅಂಗ್ಕೋರ್‌ನ ಇನ್ನೊಂದು ಗುಡಿ ಬಯೋನ್‌ನಲ್ಲಿ ಮಾತ್ರ ಗೈಡ್ ಬೇಕು. ಅಲ್ಲಿ ಕೆತ್ತಿರುವ ಖ್ಮೇರರು (ಕಾಂಬೋಡಿಯಾದವರು) ಮತ್ತು ಚಾಮರ (ಈಗಿನ ವಿಯೆಟ್ನಾಂ ಕಡೆಯವರ) ಯುದ್ಧ ನಮಗೆ ಹೊಸದು.

ಬಿಸಿಲು ಜೋರು. ವಯಸ್ಸಾದವರಿದ್ದರೆ ಎಸಿ ಬಸ್ಸೇ ಇರಲಿ. ಗಟ್ಟಿಮುಟ್ಟಾದವರು, ಶಿಲ್ಪದ ಹುಚ್ಚಿರುವವರು ಟುಕ್‌ಟುಕ್ ಹಿಡಿಯಲಿ. ಹನ್ನೆರಡೂ ಜನ ಒಟ್ಟಿಗೇ ಹೋಗಬೇಕೆಂದೇನಿಲ್ಲ, ಎರಡು ಗುಂಪಾದರೂ ಆಯಿತು.

ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ಇಲ್ಲದಿದ್ದರೆ ಅಂಗ್ಕೋರ್ ವಾಟ್‌ನ ಮೇಲಿನ ಗರ್ಭಗುಡಿಯ ಹಂತಕ್ಕೆ ಬಿಡುವುದಿಲ್ಲ. ಪಾಸ್ ಮೇಲೆ ಅವರವರ ಫೋಟೋ ಇರುತ್ತದೆ, ಅದಲುಬದಲಾಗದಂತೆ ನೋಡಿಕೊಳ್ಳಿ.