ಸೆವೆನ್ ಹರ್ಟ್ಸ್ ಸಾಲ್‌ನೋಟ್ಸ್ ಝೀರೋ ಇಯರ್‌ಫೋನ್: ಎರಡು ವರ್ಷಕ್ಕೂ ಮೇಲಿನ ಬಳಕೆಯ ಅನುಭವ

ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದಿನನಿತ್ಯ ಸಂಗೀತ ಕೇಳಲು ಇಯರ್‌ಫೋನ್ ಹುಡುಕುತ್ತಿರುವವರು, ಅದರಲ್ಲೂ ಕರ್ನಾಟಕ ಸಂಗೀತ, ಭಾವಗೀತೆ ಮತ್ತು ಜನಪದ ಗೀತೆಗಳನ್ನೇ ಹೆಚ್ಚಾಗಿ ಕೇಳುವವರು, ವೈರ್ ಇರುವ ಮತ್ತು ಆ ವೈರನ್ನು ಬಿಚ್ಚಿ ಬದಲಾಯಿಸಬಹುದಾದ ಇಯರ್‌ಫೋನನ್ನೇ ಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಬಳಸುತ್ತಿರುವುದು ಚೀನಾದ ಸೆವೆನ್ ಹರ್ಟ್ಸ್ ಕಂಪನಿಯು 2022ರಲ್ಲಿ ಹೊರತಂದ ಸಾಲ್‌ನೋಟ್ಸ್ ಝೀರೋ. ಮಂಡ್ಯದಿಂದ ಮೈಸೂರಿನ ಕಚೇರಿಗೆ ರೈಲಿನಲ್ಲಿ ಹೋಗಿಬರುವಾಗ ಮತ್ತು ರಾತ್ರಿ ಊಟವಾದ ಮೇಲೆ ಮನೆಯಲ್ಲಿ, ಹೀಗೆ ಎರಡು ಬಗೆಯ ಸಂದರ್ಭಗಳಲ್ಲಿ ಇದು ನಿತ್ಯವೂ ನನ್ನ ಕಿವಿಯಲ್ಲಿರುತ್ತದೆ. ಈ ಎರಡು ಸಂದರ್ಭಗಳ ಬೇಡಿಕೆ ಒಂದೇ ಅಲ್ಲವಾದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳುತ್ತೇನೆ.

ಇದಕ್ಕೆ ಮೊದಲು ನನ್ನ ಬಳಿ ಇದ್ದದ್ದು ಬ್ಲೂಟೂತ್ ಇಯರ್‌ಬಡ್ಸ್. ಮೊದಲ ವರ್ಷ ಚೆನ್ನಾಗಿಯೇ ನಡೆದ ಅವು ನಂತರ ಮೈಸೂರು ತಲುಪುವಷ್ಟರಲ್ಲಿ ಚಾರ್ಜ್ ಕಳೆದುಕೊಳ್ಳತೊಡಗಿದವು. ಅಷ್ಟು ಚಿಕ್ಕ ಲಿಥಿಯಂ ಬ್ಯಾಟರಿಯ ಸಾಮರ್ಥ್ಯ ಚಾರ್ಜ್ ಮಾಡಿದಂತೆಲ್ಲ ಕುಗ್ಗುವುದು ಸಹಜ. ಆದರೆ ಅದನ್ನು ತೆಗೆದು ಬೇರೆ ಹಾಕಲು ದಾರಿಯೇ ಇಲ್ಲದಂತೆ ಕವಚವನ್ನು ಅಂಟಿಸಿರುವುದರಿಂದ, ಧ್ವನಿ ಚೆನ್ನಾಗಿಯೇ ಇದ್ದರೂ ಇಡೀ ವಸ್ತುವನ್ನು ಎಸೆಯಬೇಕಾಗುತ್ತದೆ. ಇದಲ್ಲದೆ, ಬ್ಲೂಟೂತ್‌ನಲ್ಲಿ ಧ್ವನಿ ಸ್ವಲ್ಪ ತಡವಾಗಿ ಬರುತ್ತದೆ. ಹಾಡು ಕೇಳುವವರಿಗೆ ಇದು ತಿಳಿಯುವುದಿಲ್ಲ, ಆದರೆ ಮೊಬೈಲಿನ ತಾಳದ ಆ್ಯಪ್ ಹಾಕಿಕೊಂಡು, ಪರದೆಯ ಮೇಲಿನ ಎಣಿಕೆಯನ್ನು ನೋಡುತ್ತಾ ವೀಣೆ ಅಭ್ಯಾಸ ಮಾಡುವ ನನ್ನ ಅಕ್ಕನ ಮಗಳಿಗೆ ಅದರಿಂದ ದಿನವೂ ತೊಂದರೆಯಾಗುತ್ತಿತ್ತು. ವೈರ್ ಇರುವ ಇಯರ್‌ಫೋನಿನಲ್ಲಿ ಈ ಎರಡು ತೊಂದರೆಗಳೂ ಇಲ್ಲ, ಮತ್ತು ಕೊಟ್ಟ ಹಣವೆಲ್ಲ ಬ್ಯಾಟರಿಗೂ ಚಿಪ್‌ಗೂ ಹಂಚಿಹೋಗದೆ ಧ್ವನಿಗೇ ಸಲ್ಲುತ್ತದೆ.

ಝೀರೋದ ಒಳಗಿರುವುದು ಪ್ರತಿ ಕಿವಿಗೆ 10 ಮಿಲಿಮೀಟರಿನ ಒಂದೇ ಡೈನಾಮಿಕ್ ಡ್ರೈವರ್. ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದು ಅಲುಗಾಡಿ ತೆಳುವಾದ ಪೊರೆಯನ್ನು ಕಂಪಿಸುವಂತೆ ಮಾಡುವ, ದೊಡ್ಡ ಸ್ಪೀಕರುಗಳಲ್ಲಿರುವ ವ್ಯವಸ್ಥೆಯೇ ಇಲ್ಲಿಯೂ ಇದೆ. ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 32 ಓಮ್, ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಜೋರಾಗಿ ಕೇಳುತ್ತದೆ ಎಂಬ ಅಳತೆ) 108 ಡೆಸಿಬೆಲ್. ಅಂದರೆ ಸಾಮಾನ್ಯ ಮೊಬೈಲ್ ಇದನ್ನು ನಿರಾಯಾಸವಾಗಿ ನಡೆಸಬಲ್ಲದು, ಬೇರೆ ಆಂಪ್ಲಿಫೈಯರ್ ಬೇಕಿಲ್ಲ. ಪೆಟ್ಟಿಗೆಯ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಓದುವ ಅಗತ್ಯ ನನಗೆ ಕಾಣುವುದಿಲ್ಲ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂಬ ಸಾಲು ಇನ್ನೂರು ರೂಪಾಯಿಯ ಇಯರ್‌ಫೋನಿನ ಪೆಟ್ಟಿಗೆಯ ಮೇಲೂ ಇರುತ್ತದೆ. ಆ ವ್ಯಾಪ್ತಿಯೊಳಗೆ ಯಾವ ಸ್ವರ ಎಷ್ಟು ಜೋರು, ಎಷ್ಟು ಮೆಲು ಎಂಬುದೇ ಮುಖ್ಯವಾದ ಸಂಗತಿ, ಅದನ್ನು ಆ ಸಾಲು ಹೇಳುವುದಿಲ್ಲ. ಡ್ರೈವರ್ ದೊಡ್ಡದಿದ್ದಷ್ಟೂ ಧ್ವನಿ ಉತ್ತಮ ಎಂಬ ಮಾತಿಗೂ ಆಧಾರವಿಲ್ಲ.

ಮೈಸೂರಿನ ದೇವರಾಜ ಅರಸು ರಸ್ತೆಯ ಯಾವುದೇ ಮೊಬೈಲ್ ಅಂಗಡಿಗೆ ಹೋಗಿ ಇಯರ್‌ಫೋನ್ ಕೇಳಿದರೆ ಮೊದಲು ಬರುವ ಮಾತು, ‘ಇದು ತಗೊಳ್ಳಿ ಸಾರ್, ಬಾಸ್ ಸಕತ್ತಾಗಿದೆ’ ಎನ್ನುವುದೇ. ಆ ಮಾತಿಗೆ ಒಪ್ಪುವ ಮೊದಲು, ಹಾಗೆ ಬಾಸ್ ಹೆಚ್ಚಿಸಿದಾಗ ನಮ್ಮ ಸಂಗೀತದಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಗಂಡಸರು ಒಂದು ಮನೆ ಶ್ರುತಿಯಲ್ಲಿ (ಪಾಶ್ಚಾತ್ಯರ ‘ಸಿ’ ಸ್ವರಕ್ಕೆ ಸಮನಾದ ಶ್ರುತಿ) ಹಾಡುವಾಗ ಮಧ್ಯಸ್ಥಾಯಿಯ ಷಡ್ಜ ಸುಮಾರು 131 ಹರ್ಟ್ಸ್‌ನಲ್ಲಿಯೂ ಮಂದ್ರಸ್ಥಾಯಿಯ ಪಂಚಮ ಸುಮಾರು 98 ಹರ್ಟ್ಸ್‌ನಲ್ಲಿಯೂ ಇರುತ್ತದೆ. ಬಾಸ್‌ಗೆಂದೇ ಮಾಡಿದ ಅಗ್ಗದ ಇಯರ್‌ಫೋನುಗಳು ಉಬ್ಬಿಸುವುದು ಸರಿಯಾಗಿ ಈ ಭಾಗವನ್ನೇ. ಪರಿಣಾಮವಾಗಿ ಆಲಾಪನೆ ಕೆಳಗಿಳಿದಂತೆಲ್ಲ ಕಂಠ ದಪ್ಪವಾಗಿ ಮಬ್ಬಾಗುತ್ತದೆ, ಮೃದಂಗದ ಎಡಭಾಗದ ಪೆಟ್ಟು ಗಾಯಕರ ಮೇಲೆ ಬಂದು ಕೂರುತ್ತದೆ, ವೀಣೆಯ ಮಂದ್ರದ ತಂತಿಯಲ್ಲಿ ಗಮಕ ಎಲ್ಲಿ ತಿರುಗಿತು ಎಂಬುದೇ ಕೇಳದಂತಾಗುತ್ತದೆ.

ಝೀರೋದಲ್ಲಿ ಬಾಸ್ ಇದೆ, ಆದರೆ ತನ್ನ ಜಾಗದಲ್ಲಿದೆ. ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಧ್ವನಿಮುದ್ರಿಕೆಗಳನ್ನು ಇದರಲ್ಲಿ ಕೇಳುವಾಗ ಮೀಟಿನ ಮೊದಲ ತಾಗು, ಅದರ ಹಿಂದೆಯೇ ಬರುವ ನಾದ, ತಂತಿಯನ್ನು ಎಳೆದಾಗ ಆ ನಾದ ಮೇಲೇರುವ ಬಗೆ, ಈ ಮೂರೂ ಬೇರೆ ಬೇರೆಯಾಗಿ ತಿಳಿಯುತ್ತವೆ. ಮೈಸೂರಿನ ಬಾನಿಯ ವೀಣಾವಾದನವನ್ನು ಪ್ರೀತಿಸುವವರಿಗೆ ಇದು ಎಷ್ಟು ದೊಡ್ಡ ಸಂಗತಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂಬೂರಿಯೂ ಹಾಗೆಯೇ. ಅಗ್ಗದ ಇಯರ್‌ಫೋನುಗಳಲ್ಲಿ ಹಿಂದೆಲ್ಲೋ ಗುಂಯ್ ಎನ್ನುವ ಒಂದೇ ಸದ್ದಾಗಿ ಕೇಳುವ ತಂಬೂರಿ ಇಲ್ಲಿ ಒಂದೊಂದು ತಂತಿಯೂ ಜೀವಾಳದಿಂದ (ಕುದುರೆಯ ಮೇಲೆ ತಂತಿಯ ಕೆಳಗಿಡುವ ನೂಲಿನಿಂದ) ಬಿಡಿಬಿಡಿಯಾಗಿ ಅರಳುವಂತೆ ಕೇಳುತ್ತದೆ.

ಹಳೆಯ ಮೋನೋ ಧ್ವನಿಮುದ್ರಣಗಳಲ್ಲಿ ಇಯರ್‌ಫೋನಿನ ಗುಣ ಬಹಳ ಬೇಗ ಬಯಲಾಗುತ್ತದೆ. ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕ್ ಇಲ್ಲದ ಸಭೆಗಳಲ್ಲಿಯೂ ನಾದ ದೂರದವರೆಗೆ ತಲುಪಬೇಕೆಂದು ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದರು. ಆ ಪಿಟೀಲಿನ ಮುದ್ರಣಗಳಲ್ಲಿ ಎಡ ಮತ್ತು ಬಲ ಕಿವಿಗೆ ಹೋಗುವುದು ಒಂದೇ ಧ್ವನಿಯಾದ್ದರಿಂದ ಅದು ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಡೆಗೆ ವಾಲಿದರೆ ಎರಡು ಡ್ರೈವರುಗಳು ಸಮವಾಗಿಲ್ಲ, ಇಲ್ಲವೇ ಒಂದು ಕಿವಿಯಲ್ಲಿ ರಬ್ಬರ್ ಸರಿಯಾಗಿ ಕೂತಿಲ್ಲ ಎಂದರ್ಥ. ಇಯರ್‌ಫೋನ್ ಮನೆಗೆ ಬಂದ ದಿನವೇ ಈ ಪರೀಕ್ಷೆ ಮಾಡಿಕೊಂಡರೆ ವಾಪಸ್ ಕೊಡುವ ಅವಧಿಯೊಳಗೆ ನಿರ್ಧರಿಸಲು ಅನುಕೂಲ. ನನ್ನ ಇಯರ್‌ಫೋನಿನಲ್ಲಿ ಪಿಟೀಲು ಅಂದೂ ನಡುವೆಯೇ ನಿಂತಿತ್ತು, ಇಂದೂ ಅಲ್ಲಿಯೇ ನಿಂತಿದೆ.

ಮೇಲಿನ ಸ್ವರಗಳ ವಿಚಾರದಲ್ಲಿ ನಾನು ನೆಚ್ಚಿಕೊಳ್ಳುವುದು ಎರಡನ್ನು. ಒಂದು, ಮಾದಪ್ಪನ ಪದಗಳಲ್ಲಿ ಬರುವ ಕಂಸಾಳೆ. ಕಂಚಿನ ಆ ತಾಳಗಳು ತಾಗಿದ ಮೇಲೆ ಉಳಿಯುವ ಕಂಪನ ನಿಧಾನವಾಗಿ ಇಳಿಯಬೇಕೇ ಹೊರತು ತಗಡು ಬಡಿದಂತೆ ಚಳ್ ಎಂದು ಮುಗಿದುಹೋಗಬಾರದು. ಇನ್ನೊಂದು, ಭಾವಗೀತೆಗಳಲ್ಲಿ ಶ, ಷ, ಸ ಅಕ್ಷರಗಳ ಉಚ್ಚಾರ. ಕವಿತೆಯ ಮಾತು ಸ್ಪಷ್ಟವಾಗಿ ಕಿವಿಗೆ ಬೀಳಬೇಕಾದರೆ ಈ ವ್ಯಂಜನಗಳು ತೆಳುವಾಗಿ, ಆದರೆ ಖಚಿತವಾಗಿ ಕೇಳಬೇಕು. ಅವು ಅತಿಯಾದರೆ ಪ್ರತಿ ಸಕಾರವೂ ಸೂಜಿಯಂತೆ ಚುಚ್ಚಿ, ಅರ್ಧ ಗಂಟೆಯಲ್ಲಿ ಕಿವಿ ದಣಿಯುತ್ತದೆ. ಝೀರೋ ಈ ಎರಡರಲ್ಲಿಯೂ ತನ್ನ ಬೆಲೆಗೆ ಮೀರಿ ನಡೆದುಕೊಳ್ಳುತ್ತದೆ. ಹೆಣ್ಣು ಕಂಠಗಳು ತಾರಸ್ಥಾಯಿಗೆ ಏರಿದಾಗ ಮಾತ್ರ, ಧ್ವನಿಮುದ್ರಣವೇ ತೀಕ್ಷ್ಣವಾಗಿದ್ದರೆ, ಇದು ಆ ತೀಕ್ಷ್ಣತೆಯನ್ನು ಮರೆಮಾಚದೆ ಇದ್ದ ಹಾಗೆಯೇ ಕೇಳಿಸುತ್ತದೆ.

ಆದರೆ ಮೇಲೆ ಹೇಳಿದ ಒಳ್ಳೆಯ ಗುಣಗಳೆಲ್ಲ ನಿಂತಿರುವುದು ಕಿವಿಯೊಳಗೆ ಹೋಗುವ ಆ ಪುಟ್ಟ ಸಿಲಿಕೋನ್ ರಬ್ಬರಿನ ಮೇಲೆ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ರಬ್ಬರು ಕಿವಿಯ ನಾಳವನ್ನು ಪೂರ್ತಿಯಾಗಿ ಮುಚ್ಚದಿದ್ದರೆ ಸಂದಿನಿಂದ ಗಾಳಿ ಸೋರಿ ಕೆಳಗಿನ ಸ್ವರಗಳೆಲ್ಲ ಮಾಯವಾಗುತ್ತವೆ, ಉಳಿದದ್ದು ಕೀರಲಾಗಿ ಕೇಳುತ್ತದೆ. ‘ಧ್ವನಿ ತೆಳು’ ಎಂದು ಬೈಸಿಕೊಳ್ಳುವ ಎಷ್ಟೋ ಇಯರ್‌ಫೋನುಗಳ ನಿಜವಾದ ತೊಂದರೆ ಇಷ್ಟೇ. ಹಾಡು ನಡೆಯುತ್ತಿರುವಾಗಲೇ ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ ನೋಡಬೇಕು. ಮೃದಂಗದ ಗುಮಕಿ ತಟ್ಟನೆ ತುಂಬಿ ಬಂದರೆ ರಬ್ಬರಿನ ಅಳತೆ ಚಿಕ್ಕದಾಯಿತು ಎಂದು ತಿಳಿಯಬೇಕು. ಪೆಟ್ಟಿಗೆಯಲ್ಲಿ ಬೇರೆ ಬೇರೆ ಅಳತೆಯ ರಬ್ಬರುಗಳು ಬರುತ್ತವೆ. ಎರಡೂ ಕಿವಿಗೆ ಒಂದೇ ಅಳತೆ ಆಗಬೇಕೆಂಬ ನಿಯಮವೇನೂ ಇಲ್ಲ; ನನ್ನ ಎಡಗಿವಿಗೆ ಮಧ್ಯಮ, ಬಲಗಿವಿಗೆ ದೊಡ್ಡದು ಸರಿಹೋಗಿದೆ. ಇದರ ವೈರು ಕಿವಿಯ ಹಿಂದಿನಿಂದ ಸುತ್ತಿ ಬರುತ್ತದೆ. ಹಾಕಿಕೊಳ್ಳುವಾಗ ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆದರೆ ನಾಳ ನೇರವಾಗಿ ರಬ್ಬರು ಸಲೀಸಾಗಿ ಕೂರುತ್ತದೆ. ವೈರು ಹೀಗೆ ಸುತ್ತಿ ಬರುವುದರ ಇನ್ನೊಂದು ಲಾಭವೆಂದರೆ ಅದು ಅಂಗಿಗೆ ಉಜ್ಜಿದ ಸದ್ದು ಕಿವಿಯವರೆಗೆ ಹೆಚ್ಚಾಗಿ ಬರುವುದಿಲ್ಲ.

ಇನ್ನು ರೈಲಿನ ಮಾತು. ಕಿವಿಯನ್ನು ಮುಚ್ಚುವ ಇಯರ್‌ಫೋನುಗಳು ಜನರ ಮಾತು, ಮಕ್ಕಳ ಅಳು, ಚುರುಮುರಿ ಮಾರುವವರ ಕೂಗು ಇಂಥವನ್ನು ಚೆನ್ನಾಗಿ ತಡೆಯುತ್ತವೆ, ಆದರೆ ಗಾಲಿಯ ಗುಡುಗುಡು ಸದ್ದನ್ನು ಅಷ್ಟಾಗಿ ತಡೆಯಲಾರವು, ಏಕೆಂದರೆ ಕೆಳಗಿನ ಕಂಪನಾಂಕದ ಸದ್ದು ರಬ್ಬರನ್ನು ದಾಟಿ ಬರುತ್ತದೆ. ಶ್ರೀರಂಗಪಟ್ಟಣದ ಬಳಿ ರೈಲು ಕಾವೇರಿಯ ಸೇತುವೆಯ ಮೇಲೆ ಹೋಗುವಾಗ ಮೃದಂಗದ ಎಡಭಾಗ ಪೂರ್ತಿ ಮುಳುಗಿಹೋಗುತ್ತದೆ, ಪಿಟೀಲು ಮಾತ್ರ ಕೇಳುತ್ತಿರುತ್ತದೆ. ಫೋಮ್ ರಬ್ಬರುಗಳನ್ನು ಹಾಕಿದರೆ ಸ್ವಲ್ಪ ಪರವಾಗಿಲ್ಲ, ಆದರೆ ಅವು ಕೆಲವೇ ತಿಂಗಳಲ್ಲಿ ಸವೆಯುತ್ತವೆ. ಇಂಥಲ್ಲಿ ವಾಲ್ಯೂಮ್ ಏರಿಸುವ ಬಯಕೆಯನ್ನು ತಡೆದುಕೊಳ್ಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 40 ಗಂಟೆ ಕೇಳಲು 80 ಡೆಸಿಬೆಲ್ ಮಿತಿಯನ್ನು ಹೇಳಿದೆ. ಅಲ್ಲಿಂದ 3 ಡೆಸಿಬೆಲ್ ಏರಿದರೆ ಕೇಳಬಹುದಾದ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹೋದ ಕಿವಿ ಮರಳಿ ಬರುವುದಿಲ್ಲವಾದ್ದರಿಂದ, ನಿತ್ಯ ರೈಲಿನಲ್ಲಿ ಓಡಾಡುವ ಕಿರಿಯರಿಗೆಲ್ಲ ನಾನು ಈ ಲೆಕ್ಕವನ್ನು ತಪ್ಪದೆ ಹೇಳುತ್ತೇನೆ.

ವೈರಿನ ವಿಚಾರಕ್ಕೆ ಬರೋಣ. ಬ್ಲೂಟೂತ್ ಇಯರ್‌ಬಡ್ಸ್‌ಗೂ ಹಿಂದೆ ಬಳಸಿದ ಬೇರೊಂದು ಇಯರ್‌ಫೋನಿನ ವೈರು ಪ್ಲಗ್ಗಿನ ಬುಡದಲ್ಲಿ ಸೀಳಿ ಒಂದು ಕಿವಿ ಸತ್ತಾಗ, ಸರ್ವಿಸ್ ಸೆಂಟರಿನವರು ವಾರಂಟಿ ಮುಗಿದಿದೆ ಎಂದು ಹೇಳಿ ಹಾಗೆಯೇ ಕಳುಹಿಸಿದ್ದರು. ಝೀರೋದ ವೈರು 0.78 ಮಿಲಿಮೀಟರಿನ ಎರಡು ಪಿನ್ನಿನದು, ಕೈಯಿಂದ ಎಳೆದರೆ ಕಳಚಿ ಬರುತ್ತದೆ. ಒಮ್ಮೆ ರೈಲಿನ ಗಡಿಬಿಡಿಯಲ್ಲಿ ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಅದು ತುಂಡಾದಾಗ, ಕೆಲವು ನೂರು ರೂಪಾಯಿಗೆ ಮೈಕ್ ಸಹಿತ ಬೇರೆ ವೈರು ತರಿಸಿ ಹಾಕಿಕೊಂಡೆ, ಇಯರ್‌ಫೋನು ಉಳಿಯಿತು. ಹೊಸ ವೈರು ಹಾಕುವವರು ಒಂದನ್ನು ಗಮನಿಸಬೇಕು: ಒಂದು ಬದಿಯ ಪಿನ್ನು ತಿರುಗುಮುರುಗಾಗಿ ಕೂತರೆ ಎರಡು ಡ್ರೈವರುಗಳು ಒಂದಕ್ಕೊಂದು ವಿರುದ್ಧವಾಗಿ ಚಲಿಸಿ ಬಾಸ್ ಕ್ಷೀಣಿಸುತ್ತದೆ, ನಡುವೆ ನಿಲ್ಲಬೇಕಾದ ಕಂಠ ತಲೆಯ ಎರಡೂ ಪಕ್ಕಕ್ಕೆ ಚದುರುತ್ತದೆ. ಇದನ್ನು ಪತ್ತೆಹಚ್ಚಲು ಕೂಡ ಮೋನೋ ಮುದ್ರಣವೇ ಸಾಕು. ಪಿನ್ನುಗಳನ್ನು ಮೇಲಿಂದ ಮೇಲೆ ಕಳಚಿ ಹಾಕಿದರೆ ತೂತು ಸಡಿಲವಾಗುತ್ತದೆ, ಆದ್ದರಿಂದ ಅಗತ್ಯವಿಲ್ಲದೆ ಕೈಹಾಕಬಾರದು.

ಮೊಬೈಲಿನಲ್ಲಿ 3.5 ಮಿಲಿಮೀಟರಿನ ಜ್ಯಾಕ್ ಇಲ್ಲದವರು ಟೈಪ್-ಸಿ ಕನೆಕ್ಟರ್ ಕೊಳ್ಳಬೇಕಾಗುತ್ತದೆ. ಒಳಗೆ ಡಿಎಸಿ ಚಿಪ್ (ಮೊಬೈಲಿನ ಡಿಜಿಟಲ್ ಸಂಕೇತವನ್ನು ಇಯರ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿ ಬದಲಿಸುವ ಚಿಪ್) ಇರುವುದನ್ನೇ ಕೇಳಿ ಪಡೆಯಬೇಕು, ಏಕೆಂದರೆ ಬರೀ ವೈರು ಜೋಡಿಸಿರುವ ಅಗ್ಗದ ಕನೆಕ್ಟರುಗಳು ಎಲ್ಲ ಮೊಬೈಲುಗಳಲ್ಲಿ ಕೆಲಸ ಮಾಡುವುದಿಲ್ಲ. ಜ್ಯಾಕ್ ಮತ್ತು ಎಫ್ಎಂ ಎರಡೂ ಇರುವ ಮೊಬೈಲು ನಿಮ್ಮದಾಗಿದ್ದರೆ ಇಯರ್‌ಫೋನಿನ ವೈರೇ ರೇಡಿಯೊಗೆ ಆಂಟೆನಾ ಆಗುತ್ತದೆ. 1935ರಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆರಂಭಿಸಿದ ಮೈಸೂರು ಆಕಾಶವಾಣಿಯನ್ನು ಇಂದು 100.6 ಮೆಗಾಹರ್ಟ್ಸ್‌ನಲ್ಲಿ ಡೇಟಾ ಖರ್ಚಿಲ್ಲದೆ ಕೇಳಬಹುದು. ನಮ್ಮ ಅಮ್ಮ ಬೆಳಗಿನ ಹೊತ್ತು ನನ್ನ ಇಯರ್‌ಫೋನನ್ನು ಕೇಳಿ ಪಡೆಯುವುದು ಇದಕ್ಕಾಗಿಯೇ.

ನಿರ್ವಹಣೆ ಸುಲಭ. ರಬ್ಬರುಗಳನ್ನು ವಾರಕ್ಕೊಮ್ಮೆ ಕಳಚಿ ಸೋಪಿನ ನೀರಿನಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಜಾಲರಿಗೆ ಕಿವಿಗುಗ್ಗೆ ಕಟ್ಟಿಕೊಂಡರೆ ಆ ಬದಿಯ ಧ್ವನಿ ಕುಗ್ಗುತ್ತದೆ. ಜಾಲರಿಯನ್ನು ಕೆಳಮುಖವಾಗಿ ಹಿಡಿದು ಮೆತ್ತನೆಯ ಒಣ ಬ್ರಷ್ಷಿನಿಂದ ಉಜ್ಜಿದರೆ ಕೊಳೆ ಒಳಗೆ ಹೋಗದೆ ಕೆಳಗೆ ಬೀಳುತ್ತದೆ. ಸೂಜಿಯಿಂದ ಚುಚ್ಚಲೇಬಾರದು.

ಓಟ, ಜಿಮ್ ಇವುಗಳಿಗಾಗಿ ಬೇಕೆನ್ನುವವರಿಗೆ, ದಿನವಿಡೀ ಫೋನಿನಲ್ಲಿ ಮಾತನಾಡುವವರಿಗೆ, ಎದೆ ನಡುಗಿಸುವ ಡೋಲಿನ ಸದ್ದೇ ಬೇಕೆನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಇದೇ ಬೆಲೆಯಲ್ಲಿ ಮೂನ್‌ಡ್ರಾಪ್ ಚು 2 ಕೂಡ ಬಿಚ್ಚಬಹುದಾದ ವೈರಿನೊಂದಿಗೆ ಬರುತ್ತದೆ, ಲೋಹದ ಚಿಕ್ಕ ಕವಚದ ಅದು ಸಣ್ಣ ಕಿವಿಯವರಿಗೆ ಹೆಚ್ಚು ಹೊಂದಬಹುದು. ಕಿವಿಯೊಳಗೆ ಹಾಕುವ ವಸ್ತುವಾದ್ದರಿಂದ ಅಂಗಡಿಗಳಲ್ಲಿ ಹಾಕಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಪರಿಚಿತರ ಬಳಿ ಇದ್ದರೆ ನಿಮ್ಮದೇ ರಬ್ಬರು ಹಾಕಿಕೊಂಡು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೃತಿಯನ್ನು ಪೂರ್ತಿ ಕೇಳಿ, ಆಮೇಲೆ ವಾಪಸಾತಿಯ ಅವಕಾಶವಿರುವ ಕಡೆ ಬಿಲ್ಲಿನ ಸಮೇತ ಕೊಳ್ಳಿ.