ಡಬ್ಬಿ ಡೈ, ಕಪ್ಪು ಮೆಹಂದಿ, ಬರೀ ಮೆಹಂದಿ: ಮೂರನ್ನೂ ಹಚ್ಚಿ ಕಂಡದ್ದು

ಬಿಳಿ ಕೂದಲಿಗೆ ನಾನು ಮೊದಲು ಹಚ್ಚುತ್ತಿದ್ದದ್ದು ಡಬ್ಬಿಯ ಹೇರ್ ಡೈ. ಘಾಟು ವಾಸನೆ, ಕೈಗೆ ಗ್ಲೌಸ್, ಜೊತೆಗೆ ಉದ್ದದ ಎಚ್ಚರಿಕೆ ಚೀಟಿ: 48 ಗಂಟೆ ಮೊದಲು ಚರ್ಮಕ್ಕೆ ಸ್ವಲ್ಪ ಹಚ್ಚಿ ಪರೀಕ್ಷೆ ಮಾಡಿ. ಆ ಚೀಟಿ ಓದಿಯೇ ಹೆದರಿಕೆಯಾಯಿತು. ಈ ಕೆಮಿಕಲ್ ಸಹವಾಸ ಬೇಡ ಅಂತ ಬಿಟ್ಟುಬಿಟ್ಟೆ.

ಆಮೇಲೆ ತಂದಿದ್ದು 'ಕಪ್ಪು ಮೆಹಂದಿ'. ಪ್ಯಾಕೆಟ್ ಮೇಲೆ ಹಸಿರು ಎಲೆ, ದೊಡ್ಡಕ್ಷರದಲ್ಲಿ 'ನೈಸರ್ಗಿಕ'. ಅರ್ಧ ಗಂಟೆಗೆ ಕೂದಲು ಕಡುಕಪ್ಪು. ಮೂರರಲ್ಲಿ ಬಣ್ಣ ಚೆಂದ ಬಂದಿದ್ದು ಇದರಲ್ಲೇ, ಸುಳ್ಳು ಹೇಳಲ್ಲ. ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಹಚ್ಚಿದ ಮರುದಿನ ಹಣೆಯ ಅಂಚಿನುದ್ದಕ್ಕೂ ನವೆ. ಇನ್ನೊಂದು ದಿನ ಕಳೆಯುವಷ್ಟರಲ್ಲಿ ರೆಪ್ಪೆ ಊದಿ ಕಣ್ಣು ಬಿಡೋಕೇ ಆಗಲಿಲ್ಲ. ಕಿವಿಯ ಹಿಂದೆ ನೀರುಗುಳ್ಳೆ ಒಡೆದು ದಿಂಬು ಒದ್ದೆಯಾಗಿತ್ತು.

ಚರ್ಮದ ಡಾಕ್ಟರು ಪ್ಯಾಕೆಟ್ ತರಿಸಿ ನೋಡಿದರು. ಮಡಿಕೆಯ ಹತ್ತಿರ, ಸಣ್ಣಕ್ಷರದಲ್ಲಿ 'ಪಿಪಿಡಿ' ಅಂತಿತ್ತು. ಪೂರ್ತಿ ಹೆಸರು ಪ್ಯಾರಾ-ಫಿನೈಲಿನ್‌ಡೈಅಮೀನ್, ಕೂದಲಿಗೆ ಕಪ್ಪು ಬಣ್ಣ ಕೊಡುವ ಕೆಮಿಕಲ್. ನಾನು ಹೆದರಿ ಬಿಟ್ಟ ಡಬ್ಬಿಯಲ್ಲಿ ಇದ್ದದ್ದೂ ಅದೇ! ಡಬ್ಬಿಯವರು ಎಚ್ಚರಿಕೆಯನ್ನಾದರೂ ಕೊಟ್ಟಿದ್ದರು. ಯುರೋಪ್ ಒಕ್ಕೂಟದಲ್ಲಿ ತಲೆಗೆ ಹಚ್ಚುವ ಡೈಯಲ್ಲಿ ಇದು ಶೇ 2 ಮೀರುವಂತಿಲ್ಲ. ನನ್ನ ಪುಡಿಯಲ್ಲಿ ಎಷ್ಟಿದೆ ಅನ್ನೋದು ಎಲ್ಲೂ ಬರೆದಿರಲಿಲ್ಲ. ಹಾಗಾಗಿ ಇವೆರಡರಲ್ಲಿ ಒಂದು ಅಂದರೆ ಡಬ್ಬಿಯೇ ವಾಸಿ ಅಂತೀನಿ. ನನಗೆ ಮಾತ್ರ ಈಗ ಅದೂ ಇಲ್ಲ. ಪಿಪಿಡಿ ಅಲರ್ಜಿ ಒಮ್ಮೆ ಅಂಟಿಕೊಂಡರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡುವುದಿಲ್ಲ.

ಈಗ ಹಚ್ಚುವುದು ಬರೀ ಮೆಹಂದಿ ಎಲೆಯ ಪುಡಿ. ಒಣಹುಲ್ಲಿನ ವಾಸನೆ. ಮೂರು ಗಂಟೆ ತಲೆ ಭಾರ, ಕತ್ತಿನ ಮೇಲೆ ಇಳಿಯುವ ಕಂದು ನೀರು. ಬಿಳಿ ಕೂದಲು ಮೊದಲ ದಿನ ಕಿತ್ತಳೆಯಾಗಿ ಕಾಣುತ್ತದೆ, ಎರಡು ದಿನದಲ್ಲಿ ಕೆಂಗಂದು. ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೊಡೋದೇ ಅಷ್ಟು. ಎಷ್ಟು ಹೊತ್ತು ಇಟ್ಟರೂ ಕಪ್ಪು ಬರಲ್ಲ. ಕಪ್ಪೇ ಬೇಕಾದರೆ ಮೇಲಿಂದ ಇಂಡಿಗೋ ಎಲೆಯ ಪುಡಿ ಹಚ್ಚಬೇಕು, ಕೆಲಸ ಜಾಸ್ತಿ.

ಬರೀ ಮೆಹಂದಿಯೂ ಎಲ್ಲರಿಗೂ ಆಗುವುದಿಲ್ಲ. ಜಿ6ಪಿಡಿ ಕೊರತೆ (ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು) ಇರುವವರಲ್ಲಿ, ಅದರಲ್ಲೂ ಪುಟ್ಟ ಮಕ್ಕಳಲ್ಲಿ, ಅದು ಚರ್ಮದಿಂದ ಒಳಗಿಳಿದು ರಕ್ತಕಣ ಒಡೆಯಬಹುದು. ಇನ್ನು ಮಕ್ಕಳ ಕೈಗೆ ಕಪ್ಪು ಮೆಹಂದಿಯ ಚಿತ್ತಾರವಂತೂ ಬೇಡವೇ ಬೇಡ. ಗುಳ್ಳೆ ಎದ್ದರೆ ಆ ಚಿತ್ತಾರದ ಆಕಾರದಲ್ಲೇ ಕಲೆ ಉಳಿದುಬಿಡಬಹುದು.