ನಾಲ್ಕು ಸಣ್ಣ ಸ್ಪೇನಿಯಲ್‌ಗಳು: ಒಡನಾಟದಿಂದ ಕಂಡ ಹೋಲಿಕೆ

ಮನೆಯೊಳಗಿನ ಬದುಕಿಗೆ ಒಗ್ಗುವ ಸಣ್ಣ ಸ್ಪೇನಿಯಲ್ (ಮೂಲತಃ ಹಕ್ಕಿ ಬೇಟೆಗೆ ಬೆಳೆಸಿದ ನಾಯಿಗಳ ಗುಂಪು) ಒಂದನ್ನು ಸಾಕಬೇಕೆಂದು ಯೋಚಿಸುವವರ ಮುಂದೆ ಸಾಮಾನ್ಯವಾಗಿ ನಾಲ್ಕು ಹೆಸರುಗಳು ಬರುತ್ತವೆ: ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪೇನಿಯಲ್, ಅದರ ದಾಯಾದಿಯಾದ ಕಿಂಗ್ ಚಾರ್ಲ್ಸ್ ಸ್ಪೇನಿಯಲ್, ಅಗಲ ಕಿವಿಗಳನ್ನು ನೆಟ್ಟಗೆ ಹರಡಿಕೊಂಡ ಪ್ಯಾಪಿಯಾನ್ ಮತ್ತು ಟಿಬೆಟಿಯನ್ ಸ್ಪೇನಿಯಲ್. ಈ ನಾಲ್ಕೂ ತಳಿಗಳ ಬೆಳೆದ ನಾಯಿಗಳನ್ನು, ಅವುಗಳನ್ನು ಸಾಕಿದವರು ಪ್ರಯಾಣದಲ್ಲಿದ್ದಾಗ, ನಾನು ನನ್ನ ಮನೆಯಲ್ಲಿಟ್ಟುಕೊಂಡು ನೋಡಿಕೊಂಡಿದ್ದೇನೆ. ಕೆಲವು ನಾಯಿಗಳು ಮತ್ತೆ ಮತ್ತೆ ಬಂದು ಹೋಗಿವೆ. ಸ್ವಭಾವದ ಬಗ್ಗೆ ಇಲ್ಲಿ ಬರೆದಿರುವುದೆಲ್ಲ ಆ ಒಡನಾಟದಿಂದ ಬಂದದ್ದು, ಆದ್ದರಿಂದ ಪ್ರತಿ ತಳಿಯ ಕೆಲವೇ ನಾಯಿಗಳನ್ನು ಹತ್ತಿರದಿಂದ ಕಂಡವನ ಮಾತು ಎಂದೇ ಅದನ್ನು ತೂಗಿ ನೋಡಬೇಕು. ಆರೋಗ್ಯದ ಬಗ್ಗೆ ಬರೆದಿರುವುದು ಮಾತ್ರ ಪಶುವೈದ್ಯರೆಲ್ಲರೂ ಬಲ್ಲ ಸಂಗತಿ, ಮತ್ತು ಈ ಹೋಲಿಕೆಯಲ್ಲಿ ಕೊನೆಗೆ ಹೆಚ್ಚು ತೂಕ ಪಡೆಯುವುದೂ ಅದೇ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕಿಂಗ್ ಚಾರ್ಲ್ಸ್ ಮತ್ತು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಎಂಬವು ಒಂದೇ ನಾಯಿಯ ಗಿಡ್ಡ ಮತ್ತು ಉದ್ದ ಹೆಸರುಗಳಲ್ಲ, ಬೇರೆ ಬೇರೆ ತಳಿಗಳು. 1660ರಿಂದ 1685ರವರೆಗೆ ಇಂಗ್ಲೆಂಡನ್ನು ಆಳಿದ ಎರಡನೆಯ ಚಾರ್ಲ್ಸ್ ದೊರೆಯ ಅರಮನೆಯಲ್ಲಿ ಓಡಾಡಿಕೊಂಡಿದ್ದ ಪುಟ್ಟ ಸ್ಪೇನಿಯಲ್‌ಗಳಿಗೆ, ಅಂದಿನ ಚಿತ್ರಗಳಲ್ಲಿ ಕಾಣುವಂತೆ, ಚಪ್ಪಟೆ ನೆತ್ತಿ ಮತ್ತು ಸಾಕಷ್ಟು ಉದ್ದದ ಮೂತಿ ಇದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮೂತಿ ಮೋಟಾಗಿ ನೆತ್ತಿ ಗುಂಡಗಾದ ನಾಯಿಗಳಿಗೆ ಬೇಡಿಕೆ ಹೆಚ್ಚಿತು. ಬಣ್ಣಕ್ಕೊಂದು ತಳಿಯೆಂದು ಎಣಿಸಲಾಗುತ್ತಿದ್ದ ಆ ನಾಯಿಗಳನ್ನು ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ 1903ರಲ್ಲಿ ಕಿಂಗ್ ಚಾರ್ಲ್ಸ್ ಎಂಬ ಒಂದೇ ಹೆಸರಿನಡಿ ತಂದಿತು. 1926ರಲ್ಲಿ ರಾಸ್ವೆಲ್ ಎಲ್ಡ್ರಿಜ್ ಎಂಬ ಅಮೆರಿಕನ್ ಒಬ್ಬರು ಹಳೆಯ ಚಿತ್ರಗಳಲ್ಲಿರುವಂಥ ಉದ್ದ ಮೂತಿಯ ನಾಯಿಯನ್ನು ತಂದವರಿಗೆ ಬ್ರಿಟನ್ನಿನ ಕ್ರಫ್ಟ್ಸ್ ಎಂಬ ನಾಯಿ ಪ್ರದರ್ಶನದಲ್ಲಿ 25 ಪೌಂಡ್ ಬಹುಮಾನ ಘೋಷಿಸಿದರು. ಎರಡು ವರ್ಷಗಳ ತರುವಾಯ ಕ್ಯಾವಲಿಯರ್ ತಳಿಯ ಸಂಘ ಹುಟ್ಟಿತು, ಆನ್ಸ್ ಸನ್ ಎಂಬ ನಾಯಿಯನ್ನು ಮಾದರಿಯಾಗಿಟ್ಟುಕೊಂಡು ಲಕ್ಷಣಗಳನ್ನು ಬರೆಯಲಾಯಿತು, ಮತ್ತು 1945ರಲ್ಲಿ ಕ್ಯಾವಲಿಯರ್‌ಗೆ ಪ್ರತ್ಯೇಕ ಮಾನ್ಯತೆ ದೊರೆಯಿತು. ಹಳೆಯದಾಗಿ ಕಾಣುವ ಕ್ಯಾವಲಿಯರ್ ಹೀಗೆ ಎರಡರಲ್ಲಿ ಕಿರಿಯ ತಳಿ. ಬೆರಳೆಣಿಕೆಯಷ್ಟು ನಾಯಿಗಳಿಂದ ಅದು ಬೆಳೆಯಿತೆಂಬುದನ್ನು ನೆನಪಿಟ್ಟುಕೊಳ್ಳಿ, ಹೃದಯದ ಮಾತು ಬಂದಾಗ ಬೇಕಾಗುತ್ತದೆ. ಅಮೆರಿಕದಲ್ಲಿ ಕಿಂಗ್ ಚಾರ್ಲ್ಸ್ ತಳಿಗೆ ಇಂಗ್ಲಿಷ್ ಟಾಯ್ ಸ್ಪೇನಿಯಲ್ ಎಂಬ ಹೆಸರಿದೆ. ಟಿಬೆಟಿಯನ್ ಸ್ಪೇನಿಯಲ್ ವಂಶದಿಂದ ಸ್ಪೇನಿಯಲ್ಲೇ ಅಲ್ಲ. ಹಿಮಾಲಯದ ಬೌದ್ಧ ಮಠಗಳಲ್ಲಿ ಬೆಳೆದ ಆ ನಾಯಿಗೆ ಪಾಶ್ಚಾತ್ಯರು ಇಟ್ಟ ಹೆಸರು ಹಾಗೆಯೇ ಉಳಿದುಕೊಂಡಿದೆ.

ಗಾತ್ರದಲ್ಲಿ ಕ್ಯಾವಲಿಯರ್ ಎಲ್ಲಕ್ಕಿಂತ ದೊಡ್ಡದು: ಸುಮಾರು 30ರಿಂದ 33 ಸೆಂಟಿಮೀಟರ್ ಎತ್ತರ, ಐದೂವರೆಯಿಂದ 8 ಕಿಲೋ ತೂಕ. ಕಿಂಗ್ ಚಾರ್ಲ್ಸ್ ಸುಮಾರು ಮೂರೂವರೆಯಿಂದ ಆರೂವರೆ ಕಿಲೋ ತೂಗುತ್ತದೆ, ಟಿಬೆಟಿಯನ್ ಸ್ಪೇನಿಯಲ್ 4ರಿಂದ 7 ಕಿಲೋ. ಪ್ಯಾಪಿಯಾನ್ ಐದು ಕಿಲೋ ಮೀರುವುದಿಲ್ಲ. ಓದುವಾಗ ಸಣ್ಣದೆನಿಸುವ ಈ ವ್ಯತ್ಯಾಸ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದೊಡ್ಡದಾಗುತ್ತದೆ. ಕ್ಯಾವಲಿಯರ್‌ನ ಮೈಕಟ್ಟು ಮಗುವಿನ ಒರಟು ಅಪ್ಪುಗೆಯನ್ನು ತಾಳಿಕೊಳ್ಳುತ್ತದೆ, ಪ್ಯಾಪಿಯಾನ್‌ನ ಮುಂಗಾಲುಗಳ ಮೂಳೆಗಳಾದರೋ ಎಷ್ಟು ಸಪುರವೆಂದರೆ ಸೋಫಾದಿಂದ ಅಡ್ಡಾದಿಡ್ಡಿಯಾಗಿ ಹಾರಿದರೂ, ಮಗುವಿನ ಕೈಯಿಂದ ಜಾರಿ ಬಿದ್ದರೂ ಮುರಿಯಬಹುದು. ಪ್ಯಾಪಿಯಾನ್ ಮನೆಯಲ್ಲಿದ್ದಾಗಲೆಲ್ಲ ನಾನು ಕುರ್ಚಿಗಳ ಪಕ್ಕದಲ್ಲಿ ದಪ್ಪ ಹಾಸು ಹಾಸಿಡುತ್ತಿದ್ದೆ. ಕ್ಯಾವಲಿಯರ್‌ಗೆ ಅಂಥ ಏರ್ಪಾಡು ಬೇಕೆನಿಸಿರಲಿಲ್ಲ.

ಈ ನಾಯಿಗಳೆಲ್ಲವನ್ನೂ ಒಡನಾಟಕ್ಕಾಗಿ ಬೆಳೆಸಿದ್ದೆಂದು ವಿವರಿಸುವುದು ವಾಡಿಕೆ, ಆದರೆ ಒಡನಾಟವೆಂದರೆ ಏನೆಂಬುದರಲ್ಲಿ ನಾಲ್ಕಕ್ಕೂ ನಾಲ್ಕು ಅಭಿಪ್ರಾಯಗಳಿವೆ. ಕ್ಯಾವಲಿಯರ್‌ಗೆ ಮನುಷ್ಯರು ಬೇಕು, ಯಾವ ಮನುಷ್ಯರಾದರೂ ಆದೀತು. ನಾನು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದರೆ ಎದ್ದು ಬರುತ್ತದೆ, ಬಚ್ಚಲಿನ ಬಾಗಿಲಿಗೆ ಮೂತಿಯಿಟ್ಟು ಕಾಯುತ್ತದೆ, ಮೊದಲ ಬಾರಿಗೆ ಮನೆಗೆ ಬಂದವರ ತೊಡೆಯ ಮೇಲೂ ಹತ್ತು ವರ್ಷದ ಪರಿಚಯವಿದ್ದಂತೆ ಹತ್ತಿ ಕೂರುತ್ತದೆ. ಕಾವಲಿಗೆ ಇದರಿಂದ ಕಿಂಚಿತ್ತೂ ಪ್ರಯೋಜನವಿಲ್ಲ. ಇದೇ ಗುಣದ ಇನ್ನೊಂದು ಮುಖವೆಂದರೆ ಒಂಟಿತನವನ್ನು ಅದು ಸಹಿಸದು. ಹಗಲೆಲ್ಲ ಮನೆ ಬೀಗ ಹಾಕಿರುವ ಕುಟುಂಬ ಈ ತಳಿಯನ್ನು ತರುವುದು ನಾಯಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಕಿಂಗ್ ಚಾರ್ಲ್ಸ್ ಇದಕ್ಕಿಂತ ಗಂಭೀರ. ಬಂದವರನ್ನು ಸ್ವಲ್ಪ ಹೊತ್ತು ದೂರದಿಂದ ನೋಡುತ್ತದೆ, ಮನೆಯಲ್ಲಿ ಒಬ್ಬರನ್ನು ತನ್ನವರೆಂದು ಆರಿಸಿಕೊಳ್ಳುತ್ತದೆ, ಆ ಒಬ್ಬರು ಕುಳಿತಲ್ಲಿ ತಾನೂ ಕುಳಿತು ಗಂಟೆಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ವಯಸ್ಸಾದವರೊಬ್ಬರೇ ಇರುವ ಶಾಂತ ಮನೆಗೆ, ಸ್ವಭಾವದ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ಇದಕ್ಕಿಂತ ಹೊಂದುವ ನಾಯಿಯನ್ನು ನಾನು ನೋಡಿಲ್ಲ.

ಪ್ಯಾಪಿಯಾನ್‌ಗೆ ನಿಮ್ಮ ಪಕ್ಕದಲ್ಲಿ ಸುಮ್ಮನೆ ಕೂರುವುದು ಸಾಲದು. ನಿಮ್ಮ ಜೊತೆ ಸೇರಿ ಏನನ್ನಾದರೂ ಮಾಡಬೇಕು. ಹೊಸ ಆಟವೊಂದನ್ನು ಹೇಳಿಕೊಟ್ಟರೆ ಎರಡು ಮೂರು ಸಲಕ್ಕೇ ಹಿಡಿದುಕೊಂಡು, ನಾಲ್ಕನೆಯ ಸಲ ತನ್ನದೇ ಬದಲಾವಣೆ ಸೇರಿಸುತ್ತದೆ. ಅಡೆತಡೆಗಳನ್ನು ದಾಟುವ ಅಜಿಲಿಟಿ ಸ್ಪರ್ಧೆಗಳಲ್ಲಿ ಸಣ್ಣ ನಾಯಿಗಳ ವರ್ಗದಲ್ಲಿ ಈ ತಳಿ ಎದ್ದು ಕಾಣುವುದು ಆಶ್ಚರ್ಯವಲ್ಲ. ಕೆಲಸ ಕೊಡದಿದ್ದರೆ ಅದು ತಾನೇ ಕೆಲಸ ಹುಡುಕಿಕೊಳ್ಳುತ್ತದೆ, ಮತ್ತು ಆ ಕೆಲಸ ಹೆಚ್ಚಾಗಿ ಬಾಗಿಲ ಆಚೆಯ ಪ್ರತಿಯೊಂದು ಸಪ್ಪಳಕ್ಕೂ ಬೊಗಳುವುದೇ ಆಗಿರುತ್ತದೆ. ಕಿವಿ ಜೋತುಬಿದ್ದ ಇದೇ ತಳಿಯ ಇನ್ನೊಂದು ರೂಪಕ್ಕೆ ಫಲೇನ್ ಎನ್ನುತ್ತಾರೆ; ಎರಡೂ ರೂಪದ ಮರಿಗಳು ಒಂದೇ ಸೂಲಿನಲ್ಲಿ ಹುಟ್ಟಬಹುದು, ಸ್ವಭಾವದಲ್ಲಿ ನನಗೆ ಭೇದ ಕಂಡಿಲ್ಲ. ಟಿಬೆಟಿಯನ್ ಸ್ಪೇನಿಯಲ್ ಬೆಕ್ಕಿನ ಮನಸ್ಸಿನದು. ಮಠದ ಗೋಡೆಗಳ ಮೇಲೆ ಕೂತು ಬರುವವರನ್ನು ಕಾಯುತ್ತಿದ್ದ ತಳಿಯೆಂಬುದಕ್ಕೆ ತಕ್ಕಂತೆ ನನ್ನ ಮನೆಯಲ್ಲೂ ಅದು ಸೋಫಾದ ಬೆನ್ನನ್ನು, ಕಿಟಕಿಯ ಕಟ್ಟೆಯನ್ನು ವಶಪಡಿಸಿಕೊಂಡು ಅಲ್ಲಿಂದಲೇ ಬೀದಿಯ ವರದಿ ಕೊಡುತ್ತಿತ್ತು. ಕರೆದರೆ ಕೇಳಿಸುತ್ತದೆ, ಬರಬೇಕೋ ಬೇಡವೋ ಎಂಬುದನ್ನು ಅದೇ ತೀರ್ಮಾನಿಸುತ್ತದೆ. ನಾಯಿ ಹೇಳಿದಂತೆ ಕೇಳಲೇಬೇಕೆಂಬ ಹಟವಿಲ್ಲದವರಿಗೆ ಇದು ಬಹಳ ಹಿಡಿಸೀತು.

ಹೊರಗೆ ಕರೆದೊಯ್ದಾಗ ಕ್ಯಾವಲಿಯರ್‌ನ ಸ್ಪೇನಿಯಲ್ ರಕ್ತ ಎಚ್ಚೆತ್ತುಕೊಳ್ಳುತ್ತದೆ. ಮನೆಯಲ್ಲಿ ಮೆತ್ತಗೆ ಬಿದ್ದುಕೊಂಡಿದ್ದ ಅದೇ ನಾಯಿ ಹಕ್ಕಿ ಕಂಡೊಡನೆ, ಚಿಟ್ಟೆ ಕಂಡೊಡನೆ ವಾಹನಗಳ ಪರಿವೆಯೇ ಇಲ್ಲದೆ ನುಗ್ಗುತ್ತದೆ, ಆದ್ದರಿಂದ ಬೇಲಿಯಿಲ್ಲದ ಜಾಗದಲ್ಲಿ ಹಗ್ಗ ಬಿಚ್ಚುವ ಮಾತೇ ಇಲ್ಲ. ಕೊರಳಪಟ್ಟಿಗಿಂತ ಎದೆಗೆ ಕಟ್ಟುವ ಹಾರ್ನೆಸ್ ಇದಕ್ಕೆ ಉತ್ತಮ. ಕುತ್ತಿಗೆಯ ಬಗ್ಗೆ ಮುಂದೆ ಹೇಳುವ ಕಾರಣಕ್ಕಾಗಿ ಇದು ಇನ್ನೂ ಮುಖ್ಯ. ಕಿಂಗ್ ಚಾರ್ಲ್ಸ್‌ಗೆ ಬೇಕಾದ ನಡಿಗೆ ಕಡಿಮೆ, ಆದರೆ ಅದರ ಮೋಟು ಮೂತಿ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ನಾಯಿ ಮೈಯ ಶಾಖವನ್ನು ಹೊರಹಾಕುವುದು ಮುಖ್ಯವಾಗಿ ತೇಕುವುದರಿಂದ. ಗಾಳಿ ಹಾದುಹೋಗುವ ದಾರಿಯೇ ಇಕ್ಕಟ್ಟಾಗಿದ್ದರೆ ಸೆಖೆಯಲ್ಲಿ ಸ್ವಲ್ಪ ಓಡಿದರೂ ಮೈ ಅಪಾಯಕರವಾಗಿ ಬಿಸಿಯಾಗುತ್ತದೆ. ಬಿಸಿಲೇರುವ ಮುನ್ನ ಅಥವಾ ಇಳಿದ ಮೇಲೆ ಮಾತ್ರ ನಡೆಸಿದರೂ ಅದರ ಉಸಿರಿನ ಗೊರಗೊರ ಸದ್ದಿನ ಮೇಲೆ ನನಗೆ ಸದಾ ಒಂದು ಕಿವಿ ಇರುತ್ತಿತ್ತು. ಉಬ್ಬಿದ ಕಣ್ಣುಗಳಿಗೆ ಗೀರು ಬೀಳುವ ಭಯವೂ ಈ ತಳಿಯಲ್ಲಿ ಹೆಚ್ಚು.

ಕೂದಲಿನ ವಿಚಾರ ಬೇಗ ಮುಗಿಸಬಹುದು. ನಾಲ್ಕೂ ಕೂದಲು ಉದುರಿಸುತ್ತವೆ. ಪ್ಯಾಪಿಯಾನ್‌ಗೆ ಒಳಪದರದ ಕೂದಲಿಲ್ಲವಾದ್ದರಿಂದ ನೋಡಲು ದೊಡ್ಡ ಕೆಲಸವೆನಿಸಿದರೂ ವಾರಕ್ಕೆ ಎರಡು ಮೂರು ಬಾರಿ ಬಾಚಿದರೆ ಸಾಕು. ಕ್ಯಾವಲಿಯರ್‌ಗೆ ಕಿವಿಯ ಹಿಂದೆ, ಕಂಕುಳಲ್ಲಿ ಸಿಕ್ಕು ಬೇಗ ಕಟ್ಟುತ್ತದೆ, ಜೋತುಬಿದ್ದ ಕಿವಿಯೊಳಗೆ ತೇವ ಉಳಿದು ಸೋಂಕಾಗುತ್ತದೆ. ಊಟದ ಬಟ್ಟಲಿಗೆ ಇಳಿಬೀಳುವ ಕಿವಿಗಳನ್ನು ಪ್ರತಿ ಬಾರಿ ಒರೆಸುವುದು ಅಭ್ಯಾಸವಾಗಬೇಕು. ಊಟವೆಂದರೆ ನೆನಪಾಯಿತು: ಕ್ಯಾವಲಿಯರ್‌ನಷ್ಟು ತಿನ್ನುವ ಆಸೆಯ ನಾಯಿ ಈ ಗುಂಪಿನಲ್ಲಿ ಇನ್ನೊಂದಿಲ್ಲ, ಅದರ ನೋಟಕ್ಕೆ ಸೋತವರ ಮನೆಯಲ್ಲಿ ಅದು ಬೇಗ ದಪ್ಪವಾಗುತ್ತದೆ, ಮತ್ತು ಆ ಹೆಚ್ಚುವರಿ ತೂಕವನ್ನು ಹೊರಬೇಕಾದದ್ದು ಅದರ ದೇಹದ ಅತ್ಯಂತ ದುರ್ಬಲ ಅಂಗ.

ಆ ಅಂಗ ಹೃದಯ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ವಯಸ್ಸಾದಂತೆ ದಪ್ಪಗಾಗಿ, ಸರಿಯಾಗಿ ಮುಚ್ಚಿಕೊಳ್ಳದೆ, ರಕ್ತ ಹಿಂದಕ್ಕೆ ಸೋರುವ ಕಾಯಿಲೆ ಸಣ್ಣ ನಾಯಿಗಳಲ್ಲೆಲ್ಲ ಇದೆ. ಆದರೆ ಬೇರೆ ತಳಿಗಳಲ್ಲಿ ಮುಪ್ಪಿನಲ್ಲಿ ಬರುವುದು ಕ್ಯಾವಲಿಯರ್‌ನಲ್ಲಿ ನಡುವಯಸ್ಸಿಗೇ ಬರುತ್ತದೆ. ಐದು ವರ್ಷದ ಹೊತ್ತಿಗೆ ಸರಿಸುಮಾರು ಅರ್ಧದಷ್ಟು ಕ್ಯಾವಲಿಯರ್‌ಗಳಲ್ಲಿ ಪಶುವೈದ್ಯರ ಸ್ಟೆತಾಸ್ಕೋಪಿಗೆ ಮರ್ಮರ ಧ್ವನಿ, ಅಂದರೆ ರಕ್ತ ಹೀಗೆ ಸೋರುವ ಸದ್ದು, ಕೇಳಿಸುತ್ತದೆ, ಹತ್ತು ವರ್ಷ ದಾಟಿದವುಗಳಲ್ಲಿ ಅದಿಲ್ಲದವು ಅಪರೂಪ. ಕೆಲವೇ ನಾಯಿಗಳಿಂದ ಬೆಳೆದ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮತ್ತೊಮ್ಮೆ ಸಂಖ್ಯೆ ಕುಸಿದ ತಳಿಯೊಂದರಲ್ಲಿ ಇಂಥ ದೋಷ ಎಲ್ಲೆಡೆ ಹರಡಿಕೊಳ್ಳುವುದು ಸಹಜವೇ. ಮರ್ಮರ ಕೇಳಿಸಿದ ಮಾತ್ರಕ್ಕೆ ನಾಯಿ ನಾಳೆಯೇ ಕುಸಿಯುವುದಿಲ್ಲ. ಹಲವು ವರ್ಷ ಏನೂ ಆಗದಂತೆ ಓಡಾಡಿಕೊಂಡಿರಬಹುದು. ಲಕ್ಷಣಗಳಿಲ್ಲದಿದ್ದರೂ ಹೃದಯ ಹಿಗ್ಗಿರುವ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಮಾತ್ರೆ ಕೊಟ್ಟರೆ ಹೃದಯ ಸೋಲುವ ಹಂತ ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆಂದು 2016ರಲ್ಲಿ ಪ್ರಕಟವಾದ ಎಪಿಕ್ ಎಂಬ ಅಧ್ಯಯನ ತೋರಿಸಿದ ಮೇಲೆ ಚಿಕಿತ್ಸೆಯೂ ಸುಧಾರಿಸಿದೆ. ಮನೆಯಲ್ಲಿ ಮಾಡಬೇಕಾದದ್ದು ಸರಳ: ನಾಯಿ ಗಾಢವಾಗಿ ಮಲಗಿರುವಾಗ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆದಿಡುವುದು, ಅದು ಮತ್ತೆ ಮತ್ತೆ 30 ದಾಟಿದರೆ ವೈದ್ಯರನ್ನು ಕಾಣುವುದು. ಮರ್ಮರವಿದ್ದ ಕ್ಯಾವಲಿಯರ್ ಒಂದು ನನ್ನಲ್ಲಿ ಇದ್ದಾಗ ರಾತ್ರಿ ದೀಪ ಆರಿಸುವ ಮುನ್ನ ಹೀಗೆ ಎಣಿಸುತ್ತಿದ್ದೆ. ಬೇರೆ ಮೂರು ತಳಿಗಳ ನಾಯಿಗಳು ಬಂದಾಗ ಆ ಅಗತ್ಯ ಬೀಳಲಿಲ್ಲ.

ಎರಡನೆಯ ತೊಂದರೆ ತಲೆಬುರುಡೆಯದು. ಬುರುಡೆಯ ಹಿಂಭಾಗ ಮಿದುಳಿಗೆ ಇಕ್ಕಟ್ಟಾಗಿ, ದ್ರವದ ಹರಿವು ಅಡ್ಡಿಗೊಂಡು, ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳಾಗುವ ಸ್ಥಿತಿಗೆ ಸಿರಿಂಗೋಮೈಲಿಯಾ ಎನ್ನುತ್ತಾರೆ. ನಡೆಯುವಾಗ ಹಠಾತ್ತನೆ ನಿಂತು, ಕಾಲು ಮೈಗೆ ತಾಗದಿದ್ದರೂ ಭುಜದ ಕಡೆಗೆ ಗಾಳಿಯಲ್ಲೇ ಕೆರೆಯುವುದು, ಎತ್ತಿಕೊಂಡಾಗ ಕಿರುಚುವುದು, ಕೊರಳಪಟ್ಟಿ ಕಟ್ಟಲು ಬಿಡದಿರುವುದು ಇದರ ಗುರುತುಗಳು. ಖಚಿತವಾಗಿ ತಿಳಿಯಲು ಎಂಆರ್‌ಐ ಬೇಕು. ಕಿಂಗ್ ಚಾರ್ಲ್ಸ್ ತಳಿಯೂ ಇದರಿಂದ ಮುಕ್ತವಲ್ಲ. ಈ ಎರಡು ಕಾಯಿಲೆಗಳನ್ನು ಮುಂದಿಟ್ಟುಕೊಂಡೇ ನಾರ್ವೆಯ ಪ್ರಾಣಿದಯಾ ಸಂಘಟನೆ ನ್ಯಾಯಾಲಯಕ್ಕೆ ಹೋಯಿತು, ಮತ್ತು ಕ್ಯಾವಲಿಯರ್ ಸಂತಾನೋತ್ಪತ್ತಿ ಈಗ ನಡೆಯುತ್ತಿರುವ ರೀತಿಯಲ್ಲಿ ಪ್ರಾಣಿಕಲ್ಯಾಣ ಕಾನೂನಿಗೆ ವಿರುದ್ಧವೆಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ತೀರ್ಪಿತ್ತಿತು. ಈಗಾಗಲೇ ಇರುವ ನಾಯಿಗಳನ್ನು ಸಾಕುವುದಕ್ಕೆ ಅಡ್ಡಿಯಿಲ್ಲ. ತೀರ್ಪು ಕಠಿಣವೆಂದು ದೂರುವ ತಳಿಪ್ರೇಮಿಗಳ ನೋವು ನನಗೆ ಅರ್ಥವಾಗುತ್ತದೆ, ಆದರೆ ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆ.

ಆರೋಗ್ಯದ ವಿಷಯದಲ್ಲಿ ಪ್ಯಾಪಿಯಾನ್ ಬಹಳ ಮೇಲು. ಮೊಣಕಾಲಿನ ಚಿಪ್ಪು ಜಾರುವುದು, ಹಲ್ಲುಗಳ ಸುತ್ತ ಬೇಗ ಪಾಚಿ ಕಟ್ಟುವುದು, ಕೆಲವು ವಂಶಗಳಲ್ಲಿ ಅಕ್ಷಿಪಟಲ ಕ್ರಮೇಣ ಹಾಳಾಗುವ ಆನುವಂಶಿಕ ಕಾಯಿಲೆ ಇವು ಅದರ ತೊಂದರೆಗಳು. ಕಣ್ಣಿನ ಆ ಕಾಯಿಲೆ ಟಿಬೆಟಿಯನ್ ಸ್ಪೇನಿಯಲ್‌ನಲ್ಲೂ ಇದೆ, ಎರಡಕ್ಕೂ ಡಿಎನ್‌ಎ ಪರೀಕ್ಷೆಗಳಿವೆ. ಹಲ್ಲುಜ್ಜುವುದನ್ನು ಮರಿಯಾಗಿದ್ದಾಗಲೇ ರೂಢಿ ಮಾಡಿಸಿದ ಪ್ಯಾಪಿಯಾನ್ ಹದಿಮೂರು ಹದಿನಾಲ್ಕು ವರ್ಷ ಚುರುಕಾಗಿ ಬಾಳುವುದು ಸಾಮಾನ್ಯ.

ಹೀಗಾಗಿ ನನ್ನ ತೀರ್ಮಾನ ಮನೆಯನ್ನು ಅವಲಂಬಿಸಿದ್ದು. ನಾಯಿಗೆ ಕಲಿಸುವ ಉತ್ಸಾಹವಿದ್ದು, ಚಿಕ್ಕ ಮಕ್ಕಳಿಲ್ಲದೆ, ನೆರೆಯವರು ಬೊಗಳಾಟವನ್ನು ಸಹಿಸುವವರಾದರೆ ನಿಸ್ಸಂಶಯವಾಗಿ ಪ್ಯಾಪಿಯಾನ್. ಸೆಖೆಯ ಊರುಗಳಿಗೆ ಕಿಂಗ್ ಚಾರ್ಲ್ಸ್ ಅನ್ನು ನಾನು ಸೂಚಿಸುವುದಿಲ್ಲ, ಅದರ ಸ್ವಭಾವ ಎಷ್ಟೇ ಮೆಚ್ಚುಗೆಯಾಗಿದ್ದರೂ. ಟಿಬೆಟಿಯನ್ ಸ್ಪೇನಿಯಲ್‌ನ ಮರಿ ಸಿಗುವುದೇ ಕಷ್ಟ. ಮನೆತುಂಬ ಜನ, ಮಕ್ಕಳು, ಸದಾ ಯಾರಾದರೊಬ್ಬರು ಇರುವ ಮನೆಗೆ ಕ್ಯಾವಲಿಯರ್‌ಗೆ ಸಾಟಿಯಿಲ್ಲ, ಆದರೆ ಅದನ್ನು ತರುವ ಕ್ರಮ ಬೇರೆಯಾಗಬೇಕು. ಮರಿಯ ತಂದೆತಾಯಿಗಳ ಹೃದಯವನ್ನು ಎರಡೂವರೆ ವರ್ಷ ದಾಟಿದ ಮೇಲೆ, ಅಜ್ಜ ಅಜ್ಜಿಯರ ಹೃದಯವನ್ನು ಐದು ವರ್ಷ ದಾಟಿದ ಮೇಲೆ ಹೃದಯತಜ್ಞ ಪಶುವೈದ್ಯರು ಪರೀಕ್ಷಿಸಿ ಮರ್ಮರವಿಲ್ಲವೆಂದು ಬರೆದುಕೊಟ್ಟ ಪತ್ರಗಳನ್ನು, ಜೊತೆಗೆ ತಂದೆತಾಯಿಗಳ ಎಂಆರ್‌ಐ ವರದಿಯನ್ನು ತೋರಿಸದ ಬ್ರೀಡರ್‌ನಿಂದ ಮರಿ ಕೊಳ್ಳಬಾರದು. ಬಾಯಿಮಾತಿನ ಭರವಸೆ ಪತ್ರಕ್ಕೆ ಬದಲಿಯಲ್ಲ. ನಾನೇ ತರುವುದಾದರೆ ಮರಿಯನ್ನೇ ತರುವುದಿಲ್ಲ. ಒಳ್ಳೆಯ ಬ್ರೀಡರ್‌ಗಳು ಮರಿ ಹಾಕಿಸುವುದನ್ನು ನಿಲ್ಲಿಸಿದ ಐದಾರು ವರ್ಷದ ಹೆಣ್ಣುನಾಯಿಗಳಿಗೆ ಮನೆ ಹುಡುಕುತ್ತಿರುತ್ತಾರೆ. ಆ ವಯಸ್ಸಿಗೆ ಹೃದಯ ಯಾವ ದಾರಿಯಲ್ಲಿದೆ ಎಂಬುದು ಬಹಳಮಟ್ಟಿಗೆ ತಿಳಿದಿರುತ್ತದೆ, ಕುತ್ತಿಗೆಯ ನೋವಿದ್ದರೆ ಬಹುಪಾಲು ಆಗಲೇ ಕಾಣಿಸಿಕೊಂಡಿರುತ್ತದೆ, ಹೊಸ ಮನೆಗೆ ಹೊಂದಿಕೊಳ್ಳುವುದಂತೂ ಈ ತಳಿಗೆ ಯಾವ ವಯಸ್ಸಿನಲ್ಲೂ ಕಷ್ಟವಲ್ಲ.